ಅವಳು ತೆರೆಯದ ಚಿತ್ರ

ತ್ಬಿಲಿಸಿ, ಸಬುರ್ತಾಲೊ, ಎಂಟನೇ ಮಹಡಿ.
ನಾಣ್ಯ ನುಂಗದೆ ಮೇಲೇರದ ಲಿಫ್ಟಿನಲ್ಲಿ
ತ್ಸಿಯಾಲಾ ಬಂದಳು, ಫೋನನ್ನು
ಉಪ್ಪಿನಕಾಯಿ ಭರಣಿಯೊಳಗೆ ಮುಚ್ಚಿಟ್ಟುಕೊಂಡು,
ಚೇಳು ಹಿಡಿದು ತಂದವಳ ಹಾಗೆ.

"ನಾನು ತೆರೆಯಲಿಲ್ಲ," ಎಂದಳು, ಕೂರುವ ಮುಂಚೆಯೇ.
"ನಿಮ್ಮಾಣೆ, ಮುಟ್ಟಲೂ ಇಲ್ಲ.
ಗೊತ್ತಿಲ್ಲದ ನಂಬರು, ಒಂದು ಚಿತ್ರ, ಅಷ್ಟೇ.
ಅಳಿಸಿ ಮಲಗಿದೆ."
ನಾಲ್ಕು ದಿನ ಬಿಟ್ಟು ಬಾ ಎಂದೆ.

ಬಂದಳು. ಚಹಾ ಇಟ್ಟೆ. ಹೇಗೆ ಹೇಳಲಿ ಇವಳಿಗೆ,
ನೀನು ತೆರೆಯಬೇಕಾಗಿಯೇ ಇರಲಿಲ್ಲ ತಾಯಿ,
ನೀನು ಹಲ್ಲುಜ್ಜುತ್ತಿದ್ದಾಗ
ಫೋನೇ ಎದ್ದು ಹೋಗಿ ಬಾಗಿಲು ತೆಗೆಯಿತು.
ಉಗುರಿನಷ್ಟು ಚಿಕ್ಕದಾಗಿ ಬಿಡಿಸಿ
ನಿನಗೆ ಮೊದಲೇ ತೋರಿಸೋಣವೆಂಬ ಸಂಭ್ರಮ ಅದಕ್ಕೆ.
ಬಂದವರನ್ನು ದೇವರೇ ಕಳಿಸಿದ ಎನ್ನುವ ನಾಡಿನಲ್ಲಿ
ಯಂತ್ರಕ್ಕೂ ಅದೇ ಬುದ್ಧಿ.

ಅವಳಪ್ಪ ಕ್ವೆವ್ರಿ ಮಾಡುತ್ತಿದ್ದವನು:
ಕತ್ತಿನವರೆಗೆ ನೆಲದಲ್ಲಿ ಹೂಳುವ ದ್ರಾಕ್ಷಾರಸದ ಗುಡಾಣ.
ಹಾಗಾಗಿ ಮಣ್ಣಿನ ಮಾತಲ್ಲೇ ಹೇಳಿದೆ.
ಬಂದ ಚಿತ್ರ ಹೊಸ್ತಿಲಲ್ಲೇ ಹೇಳುತ್ತದೆ, ನಾನಿಷ್ಟು ಅಗಲ, ಇಷ್ಟು ಎತ್ತರ.
ಹೇಳಿದಷ್ಟಕ್ಕೆ ಗುಡಾಣ ಹೂಳುತ್ತೇವೆ.
ಹೇಳಿದ್ದು ಸೇರು, ಸುರಿದದ್ದು ಕೊಳಗ.
ಉಕ್ಕಿದ್ದು ನೆಲಕ್ಕೆ ಇಂಗುವುದಿಲ್ಲ ಇಲ್ಲಿ,
ಪಕ್ಕದ ಗುಡಾಣಕ್ಕೆ ಇಳಿಯುತ್ತದೆ.
ಅದರಲ್ಲಿತ್ತು, ಫೋನು ಮುಂದೇನು ಮಾಡಬೇಕೆಂಬ ಚೀಟಿ.
ಆ ಚೀಟಿ ತೇಲಿಹೋಯಿತು. ಬೇರೊಂದು ಬಂದು ಕೂತಿತು.
ಫೋನು ಓದಿತು. ಹೇಳಿದ್ದು ಕೇಳುವ ಕೂಸು.
ಮೈಕು ತೆರೆಯಿತು.

"ಯಾರೂ ಅಳೆಯಲಿಲ್ಲವೇ?" ಎಂದಳು.
"ಅಪ್ಪನಾಗಿದ್ದರೆ ಕೋಲು ಇಳಿಸಿ ನೋಡುತ್ತಿದ್ದ."

ಕೋಲು ಇಳಿಸಬೇಕಿದ್ದ ಜಾಗ ನನಗೆ ಗೊತ್ತು.
ಸಾವಿರದ ನಾನೂರ ಹನ್ನೆರಡನೇ ಸಾಲು.
ಹದಿನೆಂಟು ವರ್ಷದ ಹಿಂದೆ ಸಂಬಳವಿಲ್ಲದೆ
ಯಾರೋ ಪುಣ್ಯಾತ್ಮ ರಾತ್ರಿ ಕೂತು ಬರೆದು ಕೊಟ್ಟದ್ದು.
ಪಕ್ಕದಲ್ಲಿ ಟಿಪ್ಪಣಿ: ಗಾತ್ರ ಆಮೇಲೆ ನೋಡಬೇಕು.
ಆಮೇಲೆ ಮಗು ಅತ್ತಿತೋ, ಕರೆಂಟು ಹೋಯಿತೋ.
ಆ ಒಂದು 'ಆಮೇಲೆ'ಯ ಮೇಲೆ ತಲೆಯಿಟ್ಟು
ಎಷ್ಟು ಕೋಟಿ ಫೋನುಗಳು ನಿದ್ದೆ ಮಾಡಿವೆ!
ಅವನ ಮೇಲೆ ನನಗೆ ಸಿಟ್ಟಿಲ್ಲ.
ಆ ಸಾಲನ್ನು ಹುಡುಕಿ, ಯಾರಿಗೂ ಹೇಳದೆ,
ಬೆಲೆ ಕಟ್ಟಿ ಮಾರಿದವರಿದ್ದಾರಲ್ಲ.

ಹತ್ತೊಂಬತ್ತು ದಿನ ಕೇಳಿಸಿಕೊಂಡಿದೆ:
ಗಣಿ ಕಾರ್ಮಿಕರ ಕೆಮ್ಮು, ಅವರು ತಗ್ಗಿದ ದನಿಯಲ್ಲಿ ಹೇಳಿದ ಹೆಸರುಗಳು,
ಅವಳು ಬೆಕ್ಕಿಗೆ ಬೈದದ್ದು.

"ಚಿತ್ರದಲ್ಲಿ ಏನಿತ್ತು?"

ಈ ಪ್ರಶ್ನೆ ಯಾರೂ ಕೇಳುವುದಿಲ್ಲ.
ನಾನೂ ಅದನ್ನು ಅಂಕಿಗಳಾಗಿಯೇ ನೋಡಿದ್ದೆ.
ಅಳಿಸಿದ್ದೆಲ್ಲ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ.
ಹೊರಜಗತ್ತಿನ ನಂಟು ಕಡಿದುಕೊಂಡ
ಮುದಿ ಲ್ಯಾಪ್‌ಟಾಪೊಂದರಲ್ಲಿ ಬಿಡಿಸಿದೆ.

ಮೇಲಿನ ಮೂರನೇ ಒಂದು ಪಾಲು ಮಾತ್ರ ಚಿತ್ರ,
ಕೆಳಗೆಲ್ಲ ಬೂದಿ ಎರಚಿದಂತೆ.
ನೀಲಿ ಬೇಲಿ. ಎಲೆ ಉದುರಿದ ದಾಳಿಂಬೆ ಕೊಂಬೆ.
ಕೊಯ್ಯದೆ ಬಿಟ್ಟು ತಾನಾಗಿ ಬಿರಿದ ಎರಡು ಹಣ್ಣು,
ಮೂರನೆಯದಕ್ಕೆ ಹಕ್ಕಿ ಕುಕ್ಕದಿರಲೆಂದು
ಯಾರೋ ತೊಡಿಸಿದ್ದ ಪಟ್ಟೆಪಟ್ಟೆಯ ಕಾಲುಚೀಲ.

ತ್ಸಿಯಾಲಾ ಮಾತಾಡಲಿಲ್ಲ. ಚಹಾ ಆರಿತು.
"ಎಲಿಕೊ ಚಿಕ್ಕಮ್ಮನ ಹಿತ್ತಲು," ಎಂದಳು.
"ಆ ಕಾಲುಚೀಲ ನನ್ನದು.
ಮೊನ್ನೆ ಅಕ್ಟೋಬರಿನಲ್ಲಿ ನಾನೇ ಕಟ್ಟಿದ್ದು."

ಅಂದರೆ ಬೇಲಿಯಾಚೆ ಒಬ್ಬ ನಿಂತಿದ್ದ.
ನಿಂತು, ಬೆಳಕು ನೋಡಿ, ಒಂದು ಹೆಜ್ಜೆ ಹಿಂದೆ ಸರಿದು.
ನಾಯಿಯಾದರೂ ಬೊಗಳಿರಬೇಕು.
ಚಿಕ್ಕಮ್ಮ ಸೆರಗಿಲ್ಲದ ತಲೆಗೆ ವಸ್ತ್ರ ಬಿಗಿಯುತ್ತ ಹೊರಬಂದು,
ಗುರ್ಜಾನಿ ಕಡೆಯ ಹೆಂಗಸರು ಹಾಗೆಯೇ,
"ಚಳಿಯಲ್ಲೇಕೆ ನಿಂತೆ ಮಗಾ, ಒಳಗೆ ಬಾ,
ಹಣ್ಣು ತಿಂದು ಹೋಗು" ಎಂದಿರಲೂಬಹುದು.

ಅವಳ ಕೈ ಭರಣಿಯತ್ತ ಹೋಗಿ
ಮುಚ್ಚಳದ ಮೇಲೇ ನಿಂತಿತು.
ನನ್ನ ಫೋನಿನಿಂದ ಮಾತಾಡು, ಎಂದೆ.

"ನಿಮ್ಮದನ್ನು ಅಳೆದು ನೋಡಿದ್ದೀರಾ?"